ಎಂಕೆ 83: ಲಾಗ್ ಬುಕ್ಕು ಸಾಕ್ಷಿಯಾದ ಬಗೆ

ಹ್ಯಾಮ್ ಎಂದು ಕರೆಯುವ ಹವ್ಯಾಸಿ ರೇಡಿಯೊದವರ ಭೂಪಟದಲ್ಲಿ ತಿಪಟೂರು ಸೀಮೆಯ ಕಿಬ್ಬನಹಳ್ಳಿಗೆ ಹೆಸರಿಲ್ಲ, ಸಂಕೇತವಿದೆ: ಎಂಕೆ 83. ಇಡೀ ಭೂಮಿಯನ್ನು ಎರಡು ಡಿಗ್ರಿ ರೇಖಾಂಶ, ಒಂದು ಡಿಗ್ರಿ ಅಕ್ಷಾಂಶದ ಚೌಕಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಎರಡು ಅಕ್ಷರ, ಎರಡು ಅಂಕಿ ಕೊಡುವ ಈ ಪದ್ಧತಿ 1980ರಲ್ಲಿ ಲಂಡನ್ ಸಮೀಪದ ಮೇಡನ್‌ಹೆಡ್ ಊರಿನಲ್ಲಿ ಸೇರಿದ ಸಭೆಯೊಂದರಲ್ಲಿ ರೂಪುಗೊಂಡಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ಪಟ್ಟಣಗಳಿಗೂ ದಾರಿ ಕೊಡುವ ಕಿಬ್ಬನಹಳ್ಳಿ ಕ್ರಾಸು (ಕೆ.ಬಿ. ಕ್ರಾಸು), ಅಷ್ಟೂ ಒಂದೇ ಚೌಕದೊಳಗೆ ಬರುತ್ತವೆ. ಬೆಂಗಳೂರಿಗೆ ಆ ಭಾಗ್ಯವಿಲ್ಲ. ಹದಿಮೂರು ಡಿಗ್ರಿ ಅಕ್ಷಾಂಶದ ಗೆರೆ ನಗರವನ್ನೇ ಸೀಳಿಕೊಂಡು ಹೋಗುವುದರಿಂದ ಜಯನಗರ ಎಂಕೆ 82ರಲ್ಲಿ ಉಳಿಯುತ್ತದೆ, ಯಲಹಂಕ ಕಿಬ್ಬನಹಳ್ಳಿಯ ಚೌಕಕ್ಕೆ ಸೇರುತ್ತದೆ. ಕೆಲವು ರೇಡಿಯೊ ಸ್ಪರ್ಧೆಗಳಲ್ಲಿ ಈ ನಾಲ್ಕು ಅಕ್ಷರ-ಅಂಕಿಗಳು ಆಕಾಶದಲ್ಲಿ ಕೈ ಬದಲಾಯಿಸುತ್ತವೆ, ಎರಡೂ ಕಡೆಯ ಕಂಪ್ಯೂಟರುಗಳಲ್ಲಿ ದಾಖಲಾಗುತ್ತವೆ, ಯಾರು ಬೇಕಾದರೂ ನೋಡಬಹುದಾದ ಕಡತವಾಗಿ ಉಳಿಯುತ್ತವೆ. ಇಂಥದೊಂದು ದಾಖಲೆ ಕಾಗದದ ಕಾಲದಲ್ಲಿ ಇರಲಿಲ್ಲ. ಸ್ಪರ್ಧೆಗೆಂದು ಹುಟ್ಟಿದ, ಸಂಪರ್ಕಗಳನ್ನು ದಾಖಲಿಸುವ ಲಾಗಿಂಗ್ ತಂತ್ರಾಂಶದ ಬಗ್ಗೆ ಮಾತೆತ್ತಿದರೆ ಸಾಮಾನ್ಯವಾಗಿ ಅದರ ವೇಗವನ್ನು ಹೊಗಳುತ್ತಾರೆ, ಇಲ್ಲವೇ ಅದು ಕೈಚಳಕವನ್ನು ಕೆಡಿಸಿತೆಂದು ದೂರುತ್ತಾರೆ. ಎರಡೂ ಮುಖ್ಯ ಸಂಗತಿಯನ್ನು ಬಿಟ್ಟುಬಿಡುತ್ತವೆ. ಸರ್ಕಾರದ ಕಣ್ಗಾವಲಿಗಾಗಿ ಬರೆದಿಡುತ್ತಿದ್ದ ಒಂಟಿ ಪುಸ್ತಕವನ್ನು ಈ ತಂತ್ರಾಂಶ ಇಬ್ಬರು ಕೂಡಿ ನುಡಿಯುವ ಸಾಕ್ಷ್ಯವನ್ನಾಗಿ ಮಾಡಿತು ಎಂಬುದು ನನ್ನ ವಾದ.

ಲಾಗ್ ಬರೆಯುವ ರೂಢಿಯ ಬೇರು ನಮ್ಮ ದೇಶದಲ್ಲಿ ಅನುಮಾನದಲ್ಲಿದೆ. 1885ರ ಟೆಲಿಗ್ರಾಫ್ ಕಾಯಿದೆಯ ಮೇಲೆ 1933ರಲ್ಲಿ ವೈರ್‌ಲೆಸ್ ಕಾಯಿದೆ ಬಂತು. ಪರವಾನಗಿಯಿಲ್ಲದೆ ವೈರ್‌ಲೆಸ್ ಯಂತ್ರವನ್ನು ಇಟ್ಟುಕೊಳ್ಳುವುದೇ ಅಪರಾಧವಾಯಿತು. ಕಲ್ಕತ್ತೆಯ ಅಮರೇಂದ್ರ ಚಂದ್ರ ಗುಪ್ತು 1921ರಲ್ಲಿ ದೇಶದ ಮೊದಲ ಹವ್ಯಾಸಿ ಪರವಾನಗಿ ಪಡೆದಿದ್ದರು. ಆದರೂ 1930ರ ದಶಕದ ನಡುವಿನವರೆಗೆ ಪರವಾನಗಿದಾರರ ಸಂಖ್ಯೆ ಐವತ್ತನ್ನೂ ಮುಟ್ಟಿರಲಿಲ್ಲ, ಇದ್ದವರಲ್ಲಿ ಬಹುಪಾಲು ಬ್ರಿಟಿಷ್ ಸೇನಾಧಿಕಾರಿಗಳು. ಆ ಹೊತ್ತಿನಲ್ಲೇ ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಆಕಾಶವಾಣಿ ಎಂಬ ಹೆಸರಿನಲ್ಲಿ ಪ್ರಸಾರ ಆರಂಭಿಸಿದರು. ಅವರ ಮೊದಲ ಪ್ರೇಷಕದ ಶಕ್ತಿ 30 ವ್ಯಾಟ್. ಇವತ್ತು ವಿಯು3 ಕರೆಸಂಕೇತದ ಹೊಸ ಹ್ಯಾಮ್‌ಗೆ ಸಿಗುವ ಮಿತಿಯೇ 50 ವ್ಯಾಟ್ ಎಂಬುದನ್ನು ನೆನೆದರೆ, ಆಕಾಶವಾಣಿ ಎಂಬ ದೊಡ್ಡ ಹೆಸರು ಎಷ್ಟು ಸಣ್ಣ ಯಂತ್ರದಿಂದ ಹೊರಟಿತೆಂಬುದು ಅರಿವಾಗುತ್ತದೆ. 1939ರಲ್ಲಿ ಯುದ್ಧ ಶುರುವಾದದ್ದೇ ಹೊಸ ಪರವಾನಗಿ ನಿಂತಿತು, ಹ್ಯಾಮ್‌ಗಳು ತಮ್ಮ ಪ್ರೇಷಕಗಳನ್ನು ಪೊಲೀಸರಿಗೆ ಒಪ್ಪಿಸಬೇಕಾಯಿತು. 1942ರಲ್ಲಿ ಮುಂಬಯಿಯ ಗುಪ್ತ ಕಾಂಗ್ರೆಸ್ ರೇಡಿಯೊ ಕೆಲವು ತಿಂಗಳು ದನಿಯೆತ್ತಿದ ಮೇಲಂತೂ ಆಳುವವರ ಅನುಮಾನಕ್ಕೆ ಕಾರಣ ಸಿಕ್ಕಂತಾಯಿತು.

ಸ್ವಾತಂತ್ರ್ಯ ಬಂದರೂ ಆ ಅನುಮಾನದ ಭಾಷೆ ನಿಯಮಗಳಲ್ಲಿ ಉಳಿಯಿತು. 1978ರ ಹವ್ಯಾಸಿ ಸೇವಾ ನಿಯಮಗಳು ಕೇಳಿದ್ದು ಹೊಲಿದು ಕಟ್ಟಿದ ಪುಸ್ತಕವನ್ನು, ಬಿಡಿ ಹಾಳೆಗಳನ್ನಲ್ಲ. ನಿಲಯ ತೆರೆದ ವೇಳೆ, ಮುಚ್ಚಿದ ವೇಳೆ, ಮಾತಾಡಿದ ನಿಲಯದ ಕರೆಸಂಕೇತ, ಬಳಸಿದ ಆವರ್ತ, ಆಡಿದ ಮಾತಿನ ಸಾರ, ಎಲ್ಲವೂ ಕಾಲಾನುಕ್ರಮದಲ್ಲಿ ಇರಬೇಕು. ಹಾಳೆ ಹರಿದರೆ ಗೊತ್ತಾಗಬೇಕು, ಅದಕ್ಕೇ ಹೊಲಿಗೆ. ಆ ಪುಸ್ತಕವನ್ನು ಓದಲು ಅಧಿಕಾರವಿದ್ದವನು ತಪಾಸಣೆಗೆ ಬರುವ ಅಧಿಕಾರಿ ಒಬ್ಬನೇ. ಅವನು ಬರದಿದ್ದರೆ ಯಾರೂ ಓದುತ್ತಿರಲಿಲ್ಲ. ಹಾಗಾಗಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ತುಮಕೂರು ಸೀಮೆಯಲ್ಲೋ ಕೂತು ಒಬ್ಬ ಹ್ಯಾಮ್ ಮೂವತ್ತು ವರ್ಷ ಬರೆದ ಲಾಗ್ ಬುಕ್ಕುಗಳು ಅವನ ಕಾಲಾನಂತರ ಮನೆಯವರಿಗೆ ಅರ್ಥವಾಗದ ಅಂಕಿಗಳ ರಾಶಿಯಾಗಿ ಅಟ್ಟದ ಮೇಲೆ ಉಳಿಯುತ್ತಿದ್ದವು, ಇಲ್ಲವೇ ರದ್ದಿಗೆ ಹೋಗುತ್ತಿದ್ದವು. ಬರೆಯಲೇಬೇಕೆಂದು ಕಾನೂನು ಒತ್ತಾಯಿಸಿತು. ಬರೆದದ್ದನ್ನು ಚರಿತ್ರೆಗಾಗಿ ಕಾಪಿಡುವ ಏರ್ಪಾಡನ್ನು ಯಾರೂ ಮಾಡಲಿಲ್ಲ.

ಸ್ಪರ್ಧೆಗೆ ಬೇಕಾದ ಲಾಗ್ ಮಾತ್ರ ಬೇರೆಯದೇ ಜಾತಿಯದು. 1948ರಿಂದ ನಡೆಯುತ್ತಿರುವ ಸಿಕ್ಯೂ ವರ್ಲ್ಡ್‌ವೈಡ್ ಸ್ಪರ್ಧೆಯನ್ನೇ ತೆಗೆದುಕೊಳ್ಳೋಣ. ಅಂತರರಾಷ್ಟ್ರೀಯ ಕಾಲಮಾನದ ಶನಿವಾರ ಸೊನ್ನೆ ಗಂಟೆಗೆ ಶುರುವಾಗಿ 48 ತಾಸು ನಡೆಯುವ ಈ ಸ್ಪರ್ಧೆ ನಮಗೆ ಶನಿವಾರ ಬೆಳಗಿನ ಐದೂವರೆಗೆ ಹೊರಟು ಸೋಮವಾರ ಬೆಳಗಿನ ಐದೂವರೆಗೆ ಮುಗಿಯುತ್ತದೆ. ಆರು ಬ್ಯಾಂಡ್‌ಗಳಲ್ಲಿ ಸಾಧ್ಯವಾದಷ್ಟು ದೇಶಗಳ, ಸಾಧ್ಯವಾದಷ್ಟು ವಲಯಗಳ (ಸ್ಪರ್ಧೆಗಾಗಿ ಭೂಮಿಯನ್ನು ಹಂಚಿದ ಭಾಗಗಳ) ನಿಲಯಗಳನ್ನು ಹಿಡಿಯಬೇಕು. ಬೇರೆ ಖಂಡದ ನಿಲಯಕ್ಕೆ ಮೂರು ಅಂಕ, ನಮ್ಮದೇ ಖಂಡದ ಬೇರೆ ದೇಶಕ್ಕೆ ಒಂದು, ನಮ್ಮದೇ ದೇಶದ ನಿಲಯಕ್ಕೆ ಸೊನ್ನೆ. ಒಟ್ಟು ಅಂಕವನ್ನು ಪ್ರತಿ ಬ್ಯಾಂಡಿನಲ್ಲಿ ಸಿಕ್ಕ ದೇಶ ಮತ್ತು ವಲಯಗಳ ಮೊತ್ತದಿಂದ ಗುಣಿಸಬೇಕು. ಅದೇ ನಿಲಯವನ್ನು ಅದೇ ಬ್ಯಾಂಡಿನಲ್ಲಿ ಎರಡನೆಯ ಸಲ ಹಿಡಿದರೆ ಅಂಕವಿಲ್ಲ. ಕಾಗದದ ಕಾಲದಲ್ಲಿ ಇದನ್ನು ತಿಳಿಯಲು ಡ್ಯೂಪ್ ಶೀಟ್ ಎಂಬ ದೊಡ್ಡ ಹಾಳೆಯಿತ್ತು. ಮನೆಮನೆಯಾಗಿ ಗೆರೆ ಹಾಕಿ, ಕರೆಸಂಕೇತಗಳನ್ನು ಅಕ್ಷರವಾರು ತುಂಬಿಕೊಂಡು, ಹೊಸ ದನಿ ಕೇಳಿದಾಗಲೆಲ್ಲ ಆ ಮನೆಗೆ ಕಣ್ಣು ಹಾಯಿಸಿ, ಇಲ್ಲವೆಂದು ಖಾತ್ರಿ ಮಾಡಿಕೊಂಡು ಕರೆಯಬೇಕು. ಬ್ಯಾಂಡಿಗೊಂದು ಹಾಳೆ. ಒಂದು ಕೈಯಲ್ಲಿ ಮೋರ್ಸ್ ಕೀ, ಇನ್ನೊಂದರಲ್ಲಿ ಪೆನ್ಸಿಲ್, ಕಿವಿಗೆ ಹೆಡ್‌ಫೋನ್. ನಮ್ಮವರಿಗೆ ಇನ್ನೊಂದು ತೊಡಕು. ಲಾಗಿನಲ್ಲಿ ತಾರೀಖು ಬದಲಾಗುವುದು ಮಧ್ಯರಾತ್ರಿಗಲ್ಲ, ಬೆಳಗಿನ ಐದೂವರೆಗೆ. ನಿದ್ದೆಗೆಟ್ಟ ಎರಡನೆಯ ಬೆಳಗಿನಲ್ಲಿ ಇಲ್ಲೇ ಜನ ಎಡವುತ್ತಿದ್ದರು.

ಸ್ಪರ್ಧೆ ಮುಗಿದ ಮೇಲೆ ಶುರುವಾಗುತ್ತಿದ್ದ ಕೆಲಸ ಇನ್ನೂ ದೊಡ್ಡದು. ಹಾಳೆಗಳನ್ನು ಅಚ್ಚುಕಟ್ಟಾಗಿ ನಕಲು ಮಾಡಿ, ಅಂಕ ಕೂಡಿ, ಗುಣಿಸಿ, ಲಕೋಟೆಗೆ ಹಾಕಿ ಅಮೆರಿಕಕ್ಕೆ ಅಂಚೆಯಲ್ಲಿ ಕಳಿಸಬೇಕು. ಫಲಿತಾಂಶ ಪತ್ರಿಕೆಯಲ್ಲಿ ಅಚ್ಚಾಗಲು ಹೆಚ್ಚುಕಡಿಮೆ ಒಂದು ವರ್ಷ. ತೀರ್ಪುಗಾರರೂ ಮನುಷ್ಯರೇ. ಸಾವಿರಾರು ಹಾಳೆಗಳಲ್ಲಿ ಮೇಲಿನ ಸ್ಥಾನದವರ ಲಾಗುಗಳನ್ನಷ್ಟೇ ಅವರು ಕೈಯಿಂದ ಪರಿಶೀಲಿಸಬಲ್ಲವರಾಗಿದ್ದರು. ಉಳಿದವರ ಲಾಗು ಅವರವರ ಮಾತು, ಅಷ್ಟೇ. ಸರ್ಕಾರದ ಪುಸ್ತಕವಾಗಲಿ ಸ್ಪರ್ಧೆಯ ಹಾಳೆಯಾಗಲಿ, ಎರಡರಲ್ಲೂ ಒಬ್ಬನೇ ಬರೆದ ಒಂದೇ ಪ್ರತಿ ಇತ್ತು. ಅದನ್ನು ನಂಬಬೇಕು, ಇಲ್ಲ ಬಿಡಬೇಕು.

1980ರ ದಶಕದ ನಡುವೆ ಅಮೆರಿಕದ ಕೆನ್ ವೂಲ್ಫ್, ಕರೆಸಂಕೇತ ಕೆ1ಇಎ, ಐಬಿಎಂ ಪಿಸಿಗಾಗಿ ಸಿಟಿ ಎಂಬ ತಂತ್ರಾಂಶವನ್ನು ಬರೆದರು. ಸ್ಪರ್ಧೆ ನಡೆಯುತ್ತಿರುವಾಗಲೇ ಲಾಗ್ ಮಾಡಿ, ಪುನರಾವರ್ತನೆಯನ್ನು ಆ ಕ್ಷಣದಲ್ಲೇ ತೋರಿಸಿ, ಅಂಕ ಕೂಡುತ್ತಾ ಹೋಗುವುದು ಇದರಿಂದ ರೂಢಿಗೆ ಬಂತು. ಭಾರತದಲ್ಲಿ ಆಗ ಕಂಪ್ಯೂಟರು ಮನೆಯ ವಸ್ತುವಲ್ಲ. 1984ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ಆದವು: ಹ್ಯಾಮ್ ಉಪಕರಣಗಳ ಆಮದು ಸುಂಕಕ್ಕೆ ವಿನಾಯಿತಿ ಸಿಕ್ಕಿತು, ನವೆಂಬರಿನಲ್ಲಿ ಹೊಸ ಕಂಪ್ಯೂಟರ್ ನೀತಿ ಪ್ರಕಟವಾಯಿತು. ಆ ನೀತಿ ತಂದ ಪ್ರಧಾನಿ ರಾಜೀವ್ ಗಾಂಧಿ ಸ್ವತಃ ವಿಯು2ಆರ್‌ಜಿ ಎಂಬ ಪರವಾನಗಿದಾರ. ಆದರೂ ಪರದೇಶದ ರೇಡಿಯೊ, ದೇಶದ ಕಂಪ್ಯೂಟರು ಎರಡೂ ಒಂದೇ ಮೇಜಿನ ಮೇಲೆ ಕೂರಲು ಕರ್ನಾಟಕದ ಸಾಮಾನ್ಯ ಹ್ಯಾಮ್‌ಗೆ ಇನ್ನೂ ಹಲವು ವರ್ಷ ಬೇಕಾಯಿತು. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಬಿಡಿಭಾಗ ಹುಡುಕಿ ಸೆಟ್ ಕಟ್ಟಿಕೊಳ್ಳುತ್ತಿದ್ದ ಪೀಳಿಗೆಗೆ ಪಿಸಿ ಎಂಬುದು ಕಚೇರಿಯ ಯಂತ್ರವಾಗಿತ್ತು. ವಿಂಡೋಸ್ ಮೇಲೆ ಓಡುವ, ಟಾಮ್ ವ್ಯಾಗ್ನರ್ ಆರಂಭಿಸಿದ ಎನ್1ಎಂಎಂ ಲಾಗರ್ ಪುಕ್ಕಟೆ ಸಿಗತೊಡಗಿದ ಮೇಲೆ, ಅದೂ ಹಳೆಯ ಕಂಪ್ಯೂಟರುಗಳು ಅಗ್ಗವಾದ ಮೇಲೆ, ಈ ಅಂತರ ಕರಗಿತು. ತಂತ್ರಾಂಶವನ್ನು ಬರೆದವನ ಕರೆಸಂಕೇತವೇ ಅದರ ಹೆಸರು. ಹಣವಿಲ್ಲದೆ ಹಂಚಿದ ಕೆಲಸಕ್ಕೆ ಆ ಗೌರವ ಸಲ್ಲಬೇಕಾದದ್ದೇ.

ಈ ತಂತ್ರಾಂಶ ಕೆಲಸ ಮಾಡುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೇಳಿದ ಕರೆಸಂಕೇತವನ್ನು ಒಂದು ಸಣ್ಣ ಪೆಟ್ಟಿಗೆಯಲ್ಲಿ ಟೈಪ್ ಮಾಡುತ್ತಿದ್ದಂತೆ ಅದರ ಬಣ್ಣ ಬದಲಾಗುತ್ತದೆ. ಬೂದು ಬಣ್ಣವಾದರೆ ಆಗಲೇ ಹಿಡಿದ ನಿಲಯ, ನೀಲಿಯಾದರೆ ಹೊಸದು, ಕೆಂಪಾದರೆ ಹೊಸ ದೇಶ ಅಥವಾ ಹೊಸ ವಲಯ, ಹಸಿರಾದರೆ ಎರಡೂ. ಆವರ್ತವನ್ನು ರೇಡಿಯೊದಿಂದ ಬಂದ ಕೇಬಲ್ಲೇ ಹೇಳುತ್ತದೆ, ವೇಳೆಯನ್ನು ಕಂಪ್ಯೂಟರಿನ ಗಡಿಯಾರ. ಎಂಟರ್ ಒತ್ತಿದರೆ ಮೋರ್ಸಿನಲ್ಲಿ ‘5ಎನ್‌ಎನ್ 22’ ಹೊರಡುತ್ತದೆ. ಮೊದಲ ಮೂರು ಅಕ್ಷರ 599 ಎಂಬ ಸಂಕೇತದ ಗುಣಮಟ್ಟ, ಸಮಯ ಉಳಿಸಲು ಒಂಬತ್ತನ್ನು ಎನ್ ಮಾಡಿದ್ದು. ಇಪ್ಪತ್ತೆರಡು ನಮ್ಮ ವಲಯ. ಆ ಕಡೆಯಿಂದ ಬಂದ ವಲಯವನ್ನು ತುಂಬಿ ಮತ್ತೊಮ್ಮೆ ಎಂಟರ್ ಒತ್ತಿದರೆ ಒಂದು ಸಾಲು ಕಡತಕ್ಕೆ ಸೇರುತ್ತದೆ: ಆವರ್ತ, ಬಗೆ, ತಾರೀಖು, ವೇಳೆ, ನನ್ನ ಸಂಕೇತ, ನಾನು ಕೊಟ್ಟದ್ದು, ಅವನ ಸಂಕೇತ, ಅವನು ಕೊಟ್ಟದ್ದು. ಈ ಕ್ರಮಕ್ಕೆ ಕ್ಯಾಬ್ರಿಲ್ಲೊ ಎಂದು ಹೆಸರು. 1990ರ ದಶಕದ ಕೊನೆಗೆ ಟ್ರೇ ಗಾರ್ಲೊ ರೂಪಿಸಿದ ಈ ಸಾದಾ ಪಠ್ಯದ ವಿನ್ಯಾಸವನ್ನು ಯಾವ ತಂತ್ರಾಂಶ ಬೇಕಾದರೂ ಬರೆಯಬಲ್ಲದು, ಯಾವ ತೀರ್ಪುಗಾರರ ಕಂಪ್ಯೂಟರು ಬೇಕಾದರೂ ಓದಬಲ್ಲದು. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ನಿಜವಾದ ತಿರುವು ಸಿಟಿ ಅಲ್ಲ, ಎನ್1ಎಂಎಂ ಅಲ್ಲ, ಈ ಸಾಲು.

ಏಕೆಂದರೆ ಎಲ್ಲರ ಲಾಗುಗಳೂ ಒಂದೇ ವಿನ್ಯಾಸದಲ್ಲಿ ಬಂದ ಕೂಡಲೇ ಎಲ್ಲವನ್ನೂ ಎಲ್ಲದರ ಜೊತೆ ತಾಳೆ ನೋಡುವುದು ಸಾಧ್ಯವಾಯಿತು. ನನ್ನ ಲಾಗಿನಲ್ಲಿ ಒಂದು ಸಂಪರ್ಕವಿದ್ದರೆ ಅದರ ಜೋಡಿ ಅವನ ಲಾಗಿನಲ್ಲಿ, ಹೆಚ್ಚುಕಡಿಮೆ ಅದೇ ನಿಮಿಷದಲ್ಲಿ, ಅದೇ ಬ್ಯಾಂಡಿನಲ್ಲಿ ಇರಬೇಕು. ಇಲ್ಲದಿದ್ದರೆ ಆ ಸಂಪರ್ಕ ಬಿದ್ದುಹೋಗುತ್ತದೆ. ಕರೆಸಂಕೇತವನ್ನು ತಪ್ಪಾಗಿ ಬರೆದಿದ್ದರೆ ಅಂಕ ಹೋಗುವುದರ ಮೇಲೆ ದಂಡವೂ ಬೀಳುತ್ತದೆ. ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಮಾರಿದವರಿಗೆ ಈ ನ್ಯಾಯ ಹೊಸದಲ್ಲ: ಮಂಡಿಯ ಖಾತೆ ಪುಸ್ತಕದಲ್ಲಿರುವ ತೂಕ, ದರ ರೈತನ ಕೈಗೆ ಬಂದ ಪಟ್ಟಿಯಲ್ಲೂ ಅದೇ ಇದ್ದರೆ ಮಾತ್ರ ಲೆಕ್ಕ ಚುಕ್ತಾ. ರೇಡಿಯೊ ಲಾಗಿಗೆ ಈ ಎರಡನೆಯ ಚೀಟಿ ದಕ್ಕಿದ್ದು ತಂತ್ರಾಂಶದಿಂದ. ಪ್ರತಿ ಸ್ಪರ್ಧಿಗೂ ತನ್ನ ತಪ್ಪುಗಳ ಪಟ್ಟಿ ತೀರ್ಪುಗಾರರಿಂದ ವಾಪಸು ಬರುತ್ತದೆ. ಕಾಗದದ ಕಾಲದಲ್ಲಿ ಅಂಚೆಗೆ ಹಾಕಿದ ಲಕೋಟೆಯ ಜೊತೆ ಆ ತಪ್ಪುಗಳೂ ಹೋಗಿಬಿಡುತ್ತಿದ್ದವು. ಇಷ್ಟೇ ಅಲ್ಲ, ಸಿಕ್ಯೂ ವರ್ಲ್ಡ್‌ವೈಡ್ ಸ್ಪರ್ಧೆಯ 2005ರಿಂದೀಚಿನ ಲಾಗುಗಳು ಸಾರ್ವಜನಿಕವಾಗಿ ತೆರೆದಿವೆ. ವಿಯು ಎಂದು ಶುರುವಾಗುವ ಯಾವ ಭಾರತೀಯ ನಿಲಯ ಯಾವ ನಿಮಿಷದಲ್ಲಿ ಬ್ರೆಜಿಲ್ಲನ್ನೋ ಫಿನ್ಲೆಂಡನ್ನೋ ಹಿಡಿಯಿತೆಂದು ಇವತ್ತು ಯಾರು ಬೇಕಾದರೂ ತೆಗೆದು ನೋಡಬಹುದು, ಅತ್ತ ಕಡೆಯ ಲಾಗಿನೊಂದಿಗೆ ತಾಳೆ ಹಾಕಬಹುದು.

ಇದಕ್ಕೆ ಎದುರಾಗಿ ಬರುವ ಮೊದಲ ಮಾತು ಕೌಶಲದ್ದು. ಕಂಪ್ಯೂಟರು ಮೋರ್ಸ್ ಕಳಿಸುತ್ತದೆ, ಪುನರಾವರ್ತನೆ ಹೇಳುತ್ತದೆ, ಇಂಟರ್ನೆಟ್ಟಿನ ಕ್ಲಸ್ಟರ್ ಯಾವ ಆವರ್ತದಲ್ಲಿ ಯಾರಿದ್ದಾರೆಂದು ಪರದೆಯ ಮೇಲೆ ಹರವುತ್ತದೆ, ಹಾಗಾದರೆ ಕೂತವನ ಪಾಲು ಏನು ಎಂದು ಹಳಬರು ಕೇಳುತ್ತಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಕ್ಲಸ್ಟರ್ ನೆರವು ಪಡೆಯುವವರಿಗೆ ಬಹುತೇಕ ಸ್ಪರ್ಧೆಗಳು ಬೇರೆ ವಿಭಾಗವನ್ನೇ ಮಾಡಿರುವುದು ಈ ದೂರಿನಲ್ಲಿ ಹುರುಳಿದೆ ಎಂಬುದಕ್ಕೆ ಸಾಕ್ಷಿ. ಆದರೆ ದಂಡದ ನಿಯಮವನ್ನು ಮರೆಯಬಾರದು. ಯಾರಾದರೂ ಪರದೆಯ ಮೇಲೆ ಹಾಕಿದ ಸಂಕೇತವನ್ನು ಕಿವಿಯಿಂದ ಖಚಿತಪಡಿಸದೆ ಬರೆದುಕೊಂಡವನ ಲಾಗು ತಾಳೆಯ ಹೊತ್ತಿಗೆ ಸೊರಗುತ್ತದೆ. ತಂತ್ರಾಂಶ ಕೈಕೆಲಸವನ್ನು ಕಡಿಮೆ ಮಾಡಿದೆ, ಕಿವಿಯ ಹೊಣೆಯನ್ನು ಹೆಚ್ಚಿಸಿದೆ.

ನನಗೆ ಹೆಚ್ಚು ಗಂಭೀರವೆನಿಸುವ ದೋಷ ಬೇರೆಯದು. ಸೂಪರ್ ಚೆಕ್ ಪಾರ್ಶಿಯಲ್ ಎಂಬ ಸೌಲಭ್ಯವಿದೆ. ಸ್ಪರ್ಧೆಗಳಲ್ಲಿ ಪದೇ ಪದೇ ಕಾಣಿಸಿಕೊಂಡ ಕರೆಸಂಕೇತಗಳ ಒಂದು ಪಟ್ಟಿ ತಂತ್ರಾಂಶದೊಳಗಿರುತ್ತದೆ. ಎರಡು ಮೂರು ಅಕ್ಷರ ಬರೆಯುತ್ತಿದ್ದಂತೆ ಹೊಂದುವ ಸಂಕೇತಗಳನ್ನು ಅದು ಮುಂದಿಡುತ್ತದೆ. ಗದ್ದಲದ ನಡುವೆ ಅರ್ಧ ಕೇಳಿದ ಸಂಕೇತವನ್ನು ತುಂಬಿಕೊಳ್ಳಲು ಇದು ದೊಡ್ಡ ನೆರವು. ಆದರೆ ಪಟ್ಟಿಯಲ್ಲಿರುವವನು ಹಳೆಯ ಹುಲಿ. ಮೊನ್ನೆ ಪರವಾನಗಿ ಪಡೆದು, ತೋಟದ ಮನೆಯಿಂದ 50 ವ್ಯಾಟಿನಲ್ಲಿ ಕೂಗುವ ಹೊಸ ವಿಯು3 ಅದರಲ್ಲಿ ಇರುವುದಿಲ್ಲ. ಯುರೋಪಿನಲ್ಲಿ ಕೂತ ಅವಸರದ ಸ್ಪರ್ಧಿ ಅವನ ಸಂಕೇತವನ್ನು ಪಟ್ಟಿಯಲ್ಲಿರುವ ಹತ್ತಿರದ ಸಂಕೇತಕ್ಕೆ ‘ತಿದ್ದಿ’ ಬರೆದರೆ, ಆ ಹೊಸಬನ ಪ್ರಾಮಾಣಿಕ ಸಂಪರ್ಕಕ್ಕೆ ಜೋಡಿ ಸಿಗದೆ ಹೋಗುತ್ತದೆ. ಹೆಸರಿದ್ದವನಿಗೇ ಹೆಸರು ಕೊಡುವ ಈ ವಾಲುವಿಕೆ ಯಂತ್ರದ್ದಲ್ಲ, ಅದನ್ನು ಬಳಸುವವನ ಅವಸರದ್ದು ಎಂದು ಸಮರ್ಥಿಸಬಹುದು. ಆದರೂ ಪರಿಣಾಮ ಬೀಳುವುದು ಅಂಚಿನವರ ಮೇಲೆ. ಇದಕ್ಕಿರುವ ಮದ್ದೂ ಲಾಗಿನಲ್ಲೇ ಇದೆ: ಆ ಪಟ್ಟಿ ತಯಾರಾಗುವುದು ಸ್ಪರ್ಧಿಗಳು ಕಳಿಸಿದ ಲಾಗುಗಳಿಂದಲೇ. ಹತ್ತು ಸಂಪರ್ಕ ಮಾಡಿದವನೂ ತನ್ನ ಕಡತವನ್ನು ಕಳಿಸಬೇಕೆಂದು ಅನುಭವಿಗಳು ಒತ್ತಾಯಿಸುವುದು ಸುಮ್ಮನೆ ಅಲ್ಲ. ಅವನು ಕಳಿಸದಿದ್ದರೆ ಅವನನ್ನು ಹಿಡಿದವರ ಸಾಲಿಗೂ ಜೋಡಿಯಿಲ್ಲ.

ಎರಡನೆಯ ಆಕ್ಷೇಪ ಚರಿತ್ರೆಕಾರರದ್ದು. ಈ ಸಾಲುಗಳಲ್ಲಿ ಏನಿದೆ? ಎಲ್ಲರೂ ಎಲ್ಲರಿಗೂ 599 ಎನ್ನುತ್ತಾರೆ, ಕ್ಷೀಣವಾಗಿ ಕೇಳಿದರೂ 599. ಹಳೆಯ ಲಾಗ್ ಬುಕ್ಕಿನಲ್ಲಿ ಹವಾಮಾನ, ಹೆಸರು, ಊರು, ಆಡಿದ ನಾಲ್ಕು ಮಾತಾದರೂ ಇರುತ್ತಿತ್ತು. ಈ ಆಕ್ಷೇಪದ ಅರ್ಧ ಸರಿ. 599 ಎಂಬುದು ಸ್ಪರ್ಧೆಯಲ್ಲಿ ಬರೀ ವಾಡಿಕೆ, ಅದರಿಂದ ಏನೂ ತಿಳಿಯದು. ಆದರೆ ಉಳಿದ ಅಂಕಿಗಳಿಗೆ ಎರಡೂ ಕಡೆಯ ರುಜು ಇದೆ. ಯಾವ ವರ್ಷ, ಯಾವ ಗಳಿಗೆಯಲ್ಲಿ, ಯಾವ ಆವರ್ತದಲ್ಲಿ ದಕ್ಷಿಣ ಭಾರತದಿಂದ ಎಲ್ಲಿಗೆ ದಾರಿ ತೆರೆದಿತ್ತೆಂದು ಅವು ಹೇಳುತ್ತವೆ. 2001, 2014ರ ಸೌರ ಗರಿಷ್ಠಗಳ ಆಸುಪಾಸಿನಲ್ಲಿ ಹತ್ತು ಮೀಟರ್ ಬ್ಯಾಂಡ್ ಹೇಗೆ ಜೀವ ತಳೆಯಿತು, ನಡುವಿನ ವರ್ಷಗಳಲ್ಲಿ ಹೇಗೆ ಬರಿದಾಯಿತು ಎಂಬುದನ್ನು ತಿಳಿಯಲು ಇಂಥ ಸಾಲುಗಳೇ ಬೇಕು. ಅಮೆರಿಕದಲ್ಲಿ 2017ರ ಆಗಸ್ಟ್ 21ರ ಪೂರ್ಣ ಸೂರ್ಯಗ್ರಹಣದ ದಿನ ಹ್ಯಾಮ್‌ಸೈ ಎಂಬ ವಿಜ್ಞಾನಿ-ಹ್ಯಾಮ್‌ಗಳ ಕೂಟ ಗ್ರಹಣದ ಹೊತ್ತಿಗೇ ಒಂದು ಸ್ಪರ್ಧೆ ಏರ್ಪಡಿಸಿ, ಬಂದ ದಾಖಲೆಗಳಿಂದ ಅಯಾನುಗೋಳದ ಬದಲಾವಣೆಯನ್ನು ಅಧ್ಯಯನ ಮಾಡಿತು. ಒಂದೊಂದು ಸಾಲು ಬಡವಾದರೂ ಲಕ್ಷಾಂತರ ಸಾಲು ಕೂಡಿದಾಗ ಅದು ಉಪಕರಣವಾಗುತ್ತದೆ, ಅದೂ ತಾಳೆ ನೋಡಿದ ಉಪಕರಣ.

ಊರಿನ ಚರಿತ್ರೆಗೆ ಇದರಿಂದ ಏನು ಬಂತು ಎಂಬ ಪ್ರಶ್ನೆ ಉಳಿಯುತ್ತದೆ. ಸಿಕ್ಯೂ ಸ್ಪರ್ಧೆಯ ಲಾಗಿನಲ್ಲಿ ಕಿಬ್ಬನಹಳ್ಳಿ ಎಂದರೆ 22, ದೆಹಲಿ ಎಂದರೂ 22, ನೇಪಾಳ, ಶ್ರೀಲಂಕಾ, ಮಾಲ್ಡೀವ್ಸ್ ಎಂದರೂ 22. ಕರೆಸಂಕೇತವೂ ನೆರವಿಗೆ ಬಾರದು. ವಿಯು2, ವಿಯು3 ಎಂಬ ಅಂಕಿ ಪರವಾನಗಿಯ ದರ್ಜೆಯನ್ನು ಹೇಳುತ್ತದೆಯೇ ಹೊರತು ರಾಜ್ಯವನ್ನಲ್ಲ. ಹಾಗಾಗಿ ಕನ್ನಡ ನಾಡಿನ ನಿಲಯ ಬಹುಕಾಲ ಲಾಗುಗಳಲ್ಲಿ ಅನಾಮಧೇಯವಾಗಿತ್ತು. ಚೌಕದ ಸಂಕೇತ ಇದನ್ನು ಬದಲಿಸಿತು. 2017ರಲ್ಲಿ ಜೋ ಟೇಲರ್, ಸ್ಟೀವ್ ಫ್ರಾಂಕಿ ರೂಪಿಸಿದ ಎಫ್‌ಟಿ8 ಎಂಬ ಡಿಜಿಟಲ್ ಬಗೆಯಲ್ಲಿ ಪ್ರತಿ ಕರೆಯೂ ನಾಲ್ಕಕ್ಷರದ ಚೌಕವನ್ನು ಹೊತ್ತೇ ಹೋಗುತ್ತದೆ. 2019ರಲ್ಲಿ ಶುರುವಾದ ವರ್ಲ್ಡ್‌ವೈಡ್ ಡಿಜಿ ಸ್ಪರ್ಧೆಯಲ್ಲಿ ಅಂಕ ಕೊಡುವುದೇ ಎರಡು ಚೌಕಗಳ ನಡುವಣ ದೂರಕ್ಕೆ: ಸಂಪರ್ಕಕ್ಕೆ ಒಂದು, ಪ್ರತಿ 3000 ಕಿಲೋಮೀಟರಿಗೆ ಇನ್ನೊಂದು. ಎಂಟು ಸಾವಿರ ಕಿಲೋಮೀಟರಿನಷ್ಟು ದೂರದ ಲಂಡನ್ನಿಗೆ ಎಂಕೆ 83ರಿಂದ ಮೂರು ಅಂಕ. ಮನೆಯ ನೆರೆಯ ಭಾರತೀಯ ನಿಲಯಕ್ಕೂ ಇಲ್ಲಿ ಒಂದು ಅಂಕ ಉಂಟು, ಸೊನ್ನೆಯಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಗಡಿಯಲ್ಲ, ನೆಲ.

ಮತ್ತು ಆ ನೆಲ ಈ ಕೆಲಸಕ್ಕೆ ಒಪ್ಪುವಂಥದ್ದು. ಏಳು ಮೆಗಾಹರ್ಟ್ಸಿನ ಅರ್ಧತರಂಗ ಡೈಪೋಲ್ ತಂತಿಯ ಉದ್ದ ಸುಮಾರು 20 ಮೀಟರ್. ತೆಂಗಿನ ತೋಟದಲ್ಲಿ ಮರದಿಂದ ಮರಕ್ಕೆ ಮೂವತ್ತು ಅಡಿ ಬಿಡುವ ವಾಡಿಕೆಯಿರುವುದರಿಂದ, ಒಂದು ಮರ ಬಿಟ್ಟು ಅದರಾಚೆಯ ಮರಕ್ಕೆ ತಂತಿ ಕಟ್ಟಿದರೆ ಅಂತರ ಹೆಚ್ಚುಕಡಿಮೆ ಸರಿಹೋಗುತ್ತದೆ, ಉಳಿದ ಒಂದೆರಡು ಮೀಟರನ್ನು ತುದಿಯಲ್ಲಿ ಇಳಿಬಿಡಬಹುದು. ತಿಪಟೂರು ಟಾಲ್ ತಳಿಯ ಬೆಳೆದ ಮರದ ಎತ್ತರಕ್ಕೆ ಕಬ್ಬಿಣದ ಕಂಬ ನೆಡಲು ನಗರದ ಹ್ಯಾಮ್ ಸಾಲ ಮಾಡಬೇಕು. ಗಾಳಿಗೆ ಮರ ತೂಗಿದಾಗ ತಂತಿ ಹರಿಯದಂತೆ ಒಂದು ತುದಿಗೆ ರಾಟೆ, ಅದಕ್ಕೊಂದು ಭಾರ ಕಟ್ಟಿದರಾಯಿತು. ಪೇಟೆಯ ಲಿಫ್ಟು, ಇನ್ವರ್ಟರುಗಳ ಗೊರಗೊರ ಇಲ್ಲಿ ಕಡಿಮೆ. ಕೊರತೆಯೆಂದರೆ ಕರೆಂಟು, ಅದಕ್ಕೂ ಬ್ಯಾಟರಿಯಿದೆ, ಲ್ಯಾಪ್‌ಟಾಪಿದೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೆಲೆಸಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್‌ನಂಥ ಸಂಸ್ಥೆಗಳು ಪರೀಕ್ಷೆಗೆ ತಯಾರು ಮಾಡುತ್ತಾ ಬಂದಿವೆ. ಹಾಗಿದ್ದೂ ಹವ್ಯಾಸ ನಗರದಲ್ಲೇ ಗುಂಪುಗೂಡಿದ್ದು ಏಕೆಂದರೆ ಕಾಗದದ ಲಾಗಿನ ಕಾಲದಲ್ಲಿ ಹೊಸಬನಿಗೆ ಪಕ್ಕದಲ್ಲಿ ಕೂತು ಕಲಿಸುವ ಹಳಬ ಬೇಕಿತ್ತು. ಡ್ಯೂಪ್ ಶೀಟ್, ಅಂಕದ ಲೆಕ್ಕ, ತಾರೀಖಿನ ತೊಡಕು, ಇವನ್ನೆಲ್ಲ ತಂತ್ರಾಂಶ ಹೊತ್ತುಕೊಂಡ ಮೇಲೆ ಆ ಅವಶ್ಯಕತೆ ಬಹಳಷ್ಟು ಇಳಿದಿದೆ.

ಇನ್ನು ಕಾಗದದ ಪುಸ್ತಕಗಳ ಮಾತು. ಕರ್ನಾಟಕದ ಹಿರಿಯ ಹ್ಯಾಮ್‌ಗಳ ಮನೆಗಳಲ್ಲಿ ಈಗಲೂ ಇರಬಹುದಾದ ಲಾಗ್ ಬುಕ್ಕುಗಳನ್ನು ಉಳಿಸಿಕೊಳ್ಳಲು ದೊಡ್ಡ ಯೋಜನೆ ಬೇಕಿಲ್ಲ. ಮೊದಲು ಪ್ರತಿ ಪುಟದ ಚಿತ್ರ ತೆಗೆದಿಡಬೇಕು, ಏಕೆಂದರೆ ಅಂಚಿನಲ್ಲಿ ಗೀಚಿದ ಟಿಪ್ಪಣಿಗಳು ಯಾವ ತಂತ್ರಾಂಶದ ಅಂಕಣಕ್ಕೂ ಹೊಂದುವುದಿಲ್ಲ. ಆಮೇಲೆ ತಾರೀಖು, ವೇಳೆ, ಆವರ್ತ, ಕರೆಸಂಕೇತ, ಈ ನಾಲ್ಕನ್ನು ಸಾಮಾನ್ಯ ಲಾಗಿಂಗ್ ತಂತ್ರಾಂಶದಲ್ಲೇ ಕೈಯಿಂದ ತುಂಬಬಹುದು. ಹಳೆಯ ಸಂಪರ್ಕಗಳನ್ನು ಹಿಂದಿನ ತಾರೀಖಿನಲ್ಲಿ ಸೇರಿಸಲು ಅದರಲ್ಲಿ ಅವಕಾಶವಿದೆ. ವೇಳೆಯನ್ನು ತುಂಬುವಾಗ ಆ ಪುಸ್ತಕ ಭಾರತೀಯ ಕಾಲಮಾನದಲ್ಲಿದೆಯೋ ಗ್ರೀನಿಚ್ ಕಾಲಮಾನದಲ್ಲಿದೆಯೋ ಎಂದು ಮೊದಲ ಕೆಲವು ಪುಟಗಳಿಂದಲೇ ನಿಶ್ಚಯಿಸಿಕೊಳ್ಳಬೇಕು. ಐದೂವರೆ ತಾಸಿನ ತಪ್ಪು ನುಸುಳಿದರೆ ಬೇರೆ ದೇಶದ ಹಳೆಯ ಲಾಗುಗಳೊಡನೆ ಒಂದು ಸಾಲೂ ತಾಳೆಯಾಗುವುದಿಲ್ಲ. ಇಂಗ್ಲೆಂಡಿನಲ್ಲೋ ಜಪಾನಿನಲ್ಲೋ ಆ ದಿನ ಎದುರು ಕೂತಿದ್ದವನ ಪುಸ್ತಕವನ್ನು ಯಾರಾದರೂ ಹೀಗೆಯೇ ತುಂಬಿಟ್ಟಿದ್ದರೆ, 1960ರ ಒಂದು ಸಂಪರ್ಕಕ್ಕೂ ಅದರ ಜೋಡಿ ಸಿಗಬಹುದು.